ದಾರ ಬಿಡುವ ಕ್ಲಿಪ್ಪು

ಬಟ್ಟೆ ಒಣಹಾಕುವ ಕ್ಲಿಪ್ಪಿನ ಕೆಲಸವೆಂದರೆ ಹಿಡಿದುಕೊಳ್ಳುವುದು. ಆಷಾಢದ ಗಾಳಿಗೆ ಸೀರೆ ಹಾರಿಹೋಗಿ ಪಕ್ಕದ ಮನೆಯವರ ನುಗ್ಗೆಮರಕ್ಕೆ ಸುತ್ತಿಕೊಳ್ಳದಂತೆ ನೋಡಿಕೊಂಡರೆ ಅದು ಒಳ್ಳೆಯ ಕ್ಲಿಪ್ಪು, ಬಿಟ್ಟುಬಿಟ್ಟರೆ ಕೆಟ್ಟ ಕ್ಲಿಪ್ಪು. ತಲೆಗೂದಲಿನ ಕ್ಲಿಪ್ಪಿಗೂ ಮಕ್ಕಳ ಪರೀಕ್ಷೆಯ ಪ್ಯಾಡಿನ ಕ್ಲಿಪ್ಪಿಗೂ ಇದೇ ನ್ಯಾಯ. ಹೀಗಿರುವಾಗ, ಬಿಡುವುದಕ್ಕೆಂದೇ ಮಾಡಿದ ಕ್ಲಿಪ್ಪೊಂದು ಪ್ರಪಂಚದಲ್ಲಿದೆ, ಕೊಳ್ಳುವವರು ಅಂಗಡಿಯಲ್ಲಿ ನಿಂತು ‘ಇದು ಎಷ್ಟು ಚೆನ್ನಾಗಿ ಬಿಡುತ್ತದೆ’ ಎಂದು ವಿಚಾರಿಸಿ ಕೊಳ್ಳುತ್ತಾರೆ ಎಂದರೆ ನಗು ಬರುವುದಿಲ್ಲವೇ? ನನಗಂತೂ ಬಂತು. ಅಮೃತೂರಿನಂಥ ಊರಿನಲ್ಲಿ ಮಕ್ಕಳಿಗೆ ಕನ್ನಡವನ್ನೂ ಸಮಾಜವನ್ನೂ ಹೇಳಿಕೊಡುತ್ತಾ ಬಂದವಳಿಗೆ ಆ ಕ್ಲಿಪ್ಪಿನ ಪರಿಚಯವಾದದ್ದು ಅಮೆರಿಕದ ಮಿಷಿಗನ್ ಸರೋವರದಲ್ಲಿ, 2023ರ ಜುಲೈ ತಿಂಗಳಿನಲ್ಲಿ. ಅಂಥವು ಎರಡು ಈಗ ನಮ್ಮ ಮನೆಯ ಗೋಡೆಬೀರುವಿನಲ್ಲಿ ಸೂಜಿ ದಾರದ ಡಬ್ಬಿಯ ಪಕ್ಕದಲ್ಲಿವೆ. ಬಂದವರು ‘ಇದೇನು ಟೀಚರ್’ ಅಂತ ಕೇಳುತ್ತಾರೆ. ಎಲ್ಲರಿಗೂ ಪೂರ್ತಿ ಹೇಳುವುದಕ್ಕೆ ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಅಲ್ಲಿಗೆ ಹೋದದ್ದು ಮೀನು ಹಿಡಿಯುವುದಕ್ಕಲ್ಲ, ಮಗಳ ಬಾಣಂತನಕ್ಕೆ. ನಮ್ಮ ಕಡೆಯ ತಾಯಂದಿರು ಪಾಸ್‌ಪೋರ್ಟು ಮಾಡಿಸುವುದೇ ಈ ಒಂದು ಕಾರಣಕ್ಕೆ ತಾನೆ? ಗಳಿಕೆ ರಜೆ ಬರೆದುಕೊಟ್ಟು, ಅಂಟಿನುಂಡೆ, ಬಾಣಂತಿ ಲೇಹ್ಯ, ಮೆಣಸು ಜೀರಿಗೆಯ ಪುಡಿ, ಹಳೇ ಹತ್ತಿ ಸೀರೆಯ ತುಂಡುಗಳು, ಎಲ್ಲವನ್ನೂ ಎರಡು ಸೂಟ್‌ಕೇಸಿಗೆ ತುಂಬಿದ್ದೆ. ಒಂದೊಂದರಲ್ಲಿ 23 ಕಿಲೋ ಮೀರಬಾರದು ಅಂತ ತಮ್ಮ ಒಂದು ಸಣ್ಣ ತೂಕದ ಯಂತ್ರ ತಂದುಕೊಟ್ಟಿದ್ದ. ಕೊಕ್ಕೆಗೆ ಪೆಟ್ಟಿಗೆಯನ್ನು ಸಿಕ್ಕಿಸಿ ಎತ್ತಿದರೆ ಅಂಕಿ ತೋರಿಸುತ್ತದಲ್ಲ, ಅದು. ಅದರ ಮಾತು ಮುಂದೆ ಬರುತ್ತದೆ.

ಮಗಳು ಅಳಿಯ ಇರುವುದು ಮಿಷಿಗನ್ ರಾಜ್ಯದ ಗ್ರಾಂಡ್ ರಾಪಿಡ್ಸ್ ಎಂಬ ಊರಿನಲ್ಲಿ. ಅಲ್ಲಿಂದ ಐವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ ಪಡುವಣಕ್ಕೆ ಹೋದರೆ ಗ್ರಾಂಡ್ ಹೇವನ್, ಅಲ್ಲಿ ಸರೋವರ. ಸರೋವರ ಅನ್ನುವ ಮಾತು ಕೇಳಿ ನಮ್ಮ ಕುಣಿಗಲ್ ದೊಡ್ಡಕೆರೆಯನ್ನು ನೆನೆಸಿಕೊಳ್ಳಬೇಡಿ. ನೀರು ಸಿಹಿಯೇ, ಆದರೆ ಆಚೆ ದಡ ಕಾಣುವುದಿಲ್ಲ. ಆಳ ಹೆಚ್ಚಿರುವ ಕಡೆ 281 ಮೀಟರು. ಅಲೆ ಎದ್ದರೆ ಸಮುದ್ರದ ಹಾಗೆಯೇ ಏಳುತ್ತದೆ.

ಅಳಿಯಂದಿರು ಮಂಡ್ಯದ ಕಡೆಯವರು. ಮೀನು ತಿನ್ನುವ ಮನೆ, ನಮ್ಮದೂ ಅದೇ. ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಮೆರಿಕದ ಯಜಮಾನರಿಗೆ ಸ್ವಂತ ದೋಣಿ ಇತ್ತು. ಬೇಸಿಗೆಯ ಶನಿವಾರಗಳಲ್ಲಿ ಇವರನ್ನೂ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹಿಡಿಯುವುದು ಸಾಲ್ಮನ್ ಮೀನನ್ನು. ಅದು ಆ ಸರೋವರದ ಮೀನೇ ಅಲ್ಲ. ಅಟ್ಲಾಂಟಿಕ್ ಸಮುದ್ರದ ಏಲ್‌ವೈಫ್ ಎಂಬ ಸಣ್ಣ ಮೀನು ಕಾಲುವೆಗಳ ಮೂಲಕ ಒಳಗೆ ನುಗ್ಗಿ, ತಿನ್ನುವ ದೊಡ್ಡ ಮೀನುಗಳಿಲ್ಲದೆ ವಿಪರೀತ ಹೆಚ್ಚಿ, 1967ರ ಬೇಸಿಗೆಯಲ್ಲಿ ರಾಶಿ ರಾಶಿಯಾಗಿ ಸತ್ತು ದಡಗಳೆಲ್ಲ ನಾರಿದವಂತೆ. ಅವನ್ನು ತಿನ್ನಲಿ ಎಂದು ಮಿಷಿಗನ್ ಸರ್ಕಾರದ ಮೀನುಗಾರಿಕೆಯ ಮುಖ್ಯಸ್ಥರಾಗಿದ್ದ ಹೊವಾರ್ಡ್ ಟ್ಯಾನರ್ ಎಂಬುವರು 1966ರಲ್ಲೇ ಪೆಸಿಫಿಕ್ ಕಡೆಯ ಕೋಹೋ ಸಾಲ್ಮನ್ ಮರಿಗಳನ್ನು ಬಿಡಿಸಿದ್ದರು. ಮಾರನೆಯ ವರ್ಷ ಚಿನೂಕ್ ಸಾಲ್ಮನ್. ಇಲಿ ಹೆಚ್ಚಿತೆಂದು ಬೆಕ್ಕು ತಂದ ಕಥೆ. ಬೆಕ್ಕು ತಂದು ಬೇರೆ ಪಾಡು ಪಟ್ಟವರ ಕಥೆಗಳೂ ಪ್ರಪಂಚದಲ್ಲಿವೆ, ಇಲ್ಲಿ ಮಾತ್ರ ಊರಿನವರಿಗೆ ಬೆಕ್ಕೇ ಇಲಿಗಿಂತ ಇಷ್ಟವಾಗಿಬಿಟ್ಟಿತು. ಆಮೇಲೆ ಹುಟ್ಟಿಕೊಂಡದ್ದೇ ಈ ದೋಣಿ, ಕೋಲು, ಕ್ಲಿಪ್ಪುಗಳ ಸಂಭ್ರಮ.

ಸಾಲ್ಮನ್‌ಗೆ ತಣ್ಣೀರು ಬೇಕು. ಹತ್ತರಿಂದ ಹದಿಮೂರು ಡಿಗ್ರಿ ಸೆಲ್ಷಿಯಸ್ ಇದ್ದರೆ ಅದಕ್ಕೆ ಸುಖ. ಜುಲೈ ತಿಂಗಳಲ್ಲಿ ಮೇಲಿನ ನೀರು ಬೆಚ್ಚಗಾಗುತ್ತದೆ, ಮೀನು ಕೆಳಗಿಳಿಯುತ್ತದೆ. ಐವತ್ತು, ಎಪ್ಪತ್ತು, ನೂರು ಅಡಿ ಕೆಳಗೆ. ದೋಣಿಯನ್ನು ನಿಧಾನವಾಗಿ ಓಡಿಸುತ್ತಾ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಅನ್ನುತ್ತಾರೆ. (ಮಲ್ಪೆ ಮಂಗಳೂರಿನಲ್ಲಿ ಬಲೆ ಎಳೆಯುವ ಟ್ರಾಲಿಂಗ್ ಬೇರೆ. ಜೂನ್ 1ರಿಂದ ಜುಲೈ ಕೊನೆಯವರೆಗೆ 61 ದಿನ ನಿಷೇಧ ಅಂತ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಆ ಟ್ರಾಲಿಂಗ್.) ಎಳೆಯುವಾಗ ಗಾಳ ಮೇಲಕ್ಕೇ ಬರುತ್ತದೆ, ಕೆಳಗೆ ನಿಲ್ಲುವುದಿಲ್ಲ. ಅದಕ್ಕೇ ಡೌನ್‌ರಿಗ್ಗರ್ ಎಂಬ ಉಪಾಯ. ದೋಣಿಯ ಅಂಚಿನಲ್ಲಿ ಬಾವಿಯ ರಾಟೆಯಂಥ ಒಂದು ಚಕ್ರ, ಅದಕ್ಕೆ ಸುತ್ತಿದ ಸಣ್ಣ ಉಕ್ಕಿನ ತಂತಿ, ತಂತಿಯ ತುದಿಗೆ ನಾಲ್ಕೂವರೆ ಕಿಲೋ ತೂಕದ ಸೀಸದ ಗುಂಡು. ಗುಂಡನ್ನು ಬೇಕಾದಷ್ಟು ಆಳಕ್ಕೆ ಇಳಿಸುತ್ತಾರೆ. ಎಷ್ಟು ಅಡಿ ಇಳಿಯಿತೆಂದು ಚಕ್ರದ ಪಕ್ಕದ ಅಂಕಿ ಹೇಳುತ್ತದೆ. ದೋಣಿ ಓಡುವಾಗ ಗುಂಡು ಹಿಂದಕ್ಕೆ ವಾಲುವುದರಿಂದ ನಿಜವಾದ ಆಳ ಆ ಅಂಕಿಗಿಂತ ಸ್ವಲ್ಪ ಕಡಿಮೆ.

ಗಾಳದ ಕೋಲಿನ ದಾರ ಬೇರೆ, ಈ ಉಕ್ಕಿನ ತಂತಿ ಬೇರೆ. ಎರಡನ್ನೂ ಗುಂಡಿನ ಹತ್ತಿರ ಸೇರಿಸುವುದು ನಮ್ಮ ಕ್ಲಿಪ್ಪು. ದಾರವನ್ನು ಕ್ಲಿಪ್ಪಿಗೆ ಕಚ್ಚಿಸಿ ಗುಂಡಿನ ಜೊತೆ ಕೆಳಗೆ ಕಳಿಸಿದರೆ, ಕ್ಲಿಪ್ಪಿನಿಂದ ಹಿಂದಕ್ಕೆ ಹತ್ತಿಪ್ಪತ್ತು ಮೀಟರು ದೂರದಲ್ಲಿ ತಗಡಿನ ಹುಸಿಮೀನು ಓಲಾಡುತ್ತಾ ಬರುತ್ತದೆ. ನಿಜವಾದ ಮೀನು ಬಾಯಿ ಹಾಕಿ ಜಗ್ಗಿದ ಕೂಡಲೇ ಕ್ಲಿಪ್ಪು ದಾರವನ್ನು ಬಿಡಬೇಕು. ಆಗ ಆ ನಾಲ್ಕೂವರೆ ಕಿಲೋ ಭಾರ ಮೀನಿಗೂ ಇಲ್ಲ, ಕೋಲು ಹಿಡಿದವರಿಗೂ ಇಲ್ಲ. ಇರುವುದು ಅವರಿಬ್ಬರೇ. ಬಿಡದಿದ್ದರೆ? ಬೇಗ ಬಿಟ್ಟರೆ? ಆ ಯಜಮಾನರು ಮೂವತ್ತು ವರ್ಷದಿಂದ ಮೀನು ಹಿಡಿಯುತ್ತಿದ್ದರೂ ದೋಣಿಯಲ್ಲಿ ಹೆಚ್ಚು ಮಾತಾಡುತ್ತಿದ್ದದ್ದು ಈ ಎರಡು ಪ್ರಶ್ನೆಗಳ ಬಗ್ಗೆಯೇ.

ಹಿಂದಿನ ರಾತ್ರಿ ಅಳಿಯಂದಿರು ನಾಲ್ಕಾರು ನಮೂನೆಯ ಕ್ಲಿಪ್ಪುಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಹೊಸದಾಗಿ ಕೊಂಡದ್ದು ಎಷ್ಟು ಬಿಗಿ ಅಂತ ಬೆರಳಲ್ಲಿ ಎಳೆದೆಳೆದು ನೋಡುತ್ತಿದ್ದರು. ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದವಳು, “ಬೆರಳಿಗೇನು ಗೊತ್ತಾಗ್ತದೆ, ತೂಗಿ ನೋಡಬಾರದೇ?” ಅಂದೆ.

“ಏನ್ರಲ್ಲಿ ತೂಗೋದು ಅತ್ತೆ?”

ಸೂಟ್‌ಕೇಸಿನ ತೂಕದ ಯಂತ್ರ ತಂದುಕೊಟ್ಟೆ. ಕ್ಲಿಪ್ಪನ್ನು ಮೇಜಿನ ಕಾಲಿಗೆ ಕಟ್ಟಿ, ದಾರವನ್ನು ಕಚ್ಚಿಸಿ, ದಾರದ ಇನ್ನೊಂದು ತುದಿಯನ್ನು ಯಂತ್ರದ ಕೊಕ್ಕೆಗೆ ಸಿಕ್ಕಿಸಿ ಮೆಲ್ಲಗೆ ಎಳೆದೆವು. ಆ ಕ್ಲಿಪ್ಪು ಬಟ್ಟೆಯ ಕ್ಲಿಪ್ಪಿನ ಜಾತಿಯದೇ. ಒಳಗೆ ಸ್ಪ್ರಿಂಗು, ಎರಡು ದವಡೆಗೂ ರಬ್ಬರಿನ ಮೆತ್ತೆ. ದಾರವನ್ನು ಮೆತ್ತೆಯ ತುದಿಯಂಚಿನಲ್ಲಿ ಇಟ್ಟರೆ ಮುಕ್ಕಾಲು ಕಿಲೋಗೇ ‘ಟಪ್’ ಎಂದು ಬಿಟ್ಟಿತು. ನಡುವೆ ಇಟ್ಟಾಗ ಹತ್ತಿರ ಹತ್ತಿರ ಎರಡು ಕಿಲೋ. ಸ್ಪ್ರಿಂಗಿನ ಬುಡದವರೆಗೆ ಒತ್ತಿ ಇಟ್ಟರೆ ಮೂರು ದಾಟಿತು. ಅದೇ ಕ್ಲಿಪ್ಪು, ಅದೇ ದಾರ, ಇಡುವ ಜಾಗ ಅರ್ಧ ಬೆರಳು ಆಚೀಚೆ, ಅಷ್ಟೆ. ನೀರಿನಲ್ಲಿ ಅದ್ದಿ ನೋಡೋಣ ಅಂದೆ, ನೀರಿನಲ್ಲಿ ತಾನೆ ಅದು ಕೆಲಸ ಮಾಡಬೇಕಾದ್ದು! ಒದ್ದೆಯಾದಾಗ ಪ್ರತಿಯೊಂದೂ ಸ್ವಲ್ಪ ಬೇಗ ಬಿಟ್ಟಿತು. ಅಳಿಯಂದಿರು ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದುಕೊಂಡರು. ಗಾಳದ ದಾರ ತಡೆಯುವುದು 20 ಪೌಂಡು, ಅಂದರೆ ಸುಮಾರು ಒಂಬತ್ತು ಕಿಲೋ. ಕ್ಲಿಪ್ಪು ಬಿಡುವ ತೂಕ ಅದಕ್ಕಿಂತ ಬಹಳ ಕೆಳಗಿರಬೇಕು, ಇಲ್ಲದಿದ್ದರೆ ಕ್ಲಿಪ್ಪು ಬಿಡುವ ಮೊದಲು ದಾರವೇ ಹರಿದೀತು.

ಬೇರೆ ನಮೂನೆಗಳೂ ಇದ್ದವು. ಒಂದರಲ್ಲಿ ತಿರುಪು ಇದೆ. ತಿರುಪನ್ನು ಬಿಗಿ ಮಾಡಿದರೆ ಬಿಗಿ, ಸಡಿಲಿಸಿದರೆ ಸಡಿಲ. ನೋಡುವುದಕ್ಕೆ ಅಚ್ಚುಕಟ್ಟು, ಆದರೆ ಅಲ್ಲಾಡುವ ದೋಣಿಯಲ್ಲಿ ಒದ್ದೆ ಬೆರಳಲ್ಲಿ ಆ ಸಣ್ಣ ತಿರುಪನ್ನು ತಿರುಗಿಸುವುದು ಕಷ್ಟ ಅಂತ ಮಾರನೆಯ ದಿನ ಗೊತ್ತಾಯಿತು. ಇನ್ನು ಕೆಲವರು ಕ್ಲಿಪ್ಪಿನ ಗೋಜೇ ಬೇಡವೆಂದು ರಬ್ಬರ್‌ಬ್ಯಾಂಡು ಹಾಕುತ್ತಾರಂತೆ, ನಮ್ಮ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಹಾಕುವಂಥದ್ದು. ದಾರಕ್ಕೆ ಸುತ್ತಿ ಕೊಕ್ಕೆಗೆ ಸಿಕ್ಕಿಸಿದರೆ ಮೀನು ಜಗ್ಗಿದಾಗ ಅದೇ ಹರಿಯುತ್ತದೆ. ಅಗ್ಗ. ಆದರೆ ಬಿಸಿಲಿಗೆ ಬಿದ್ದ ರಬ್ಬರಿನ ಗುಣ ನಮಗೆ ಗೊತ್ತಿಲ್ಲವೇ, ಇವತ್ತು ಒಂದು ತೂಕಕ್ಕೆ ಹರಿದರೆ ನಾಳೆ ಮುಟ್ಟಿದರೇ ಹರಿಯುತ್ತದೆ. ಸಾಲದ್ದಕ್ಕೆ ಹರಿದ ಚೂರು ದಾರಕ್ಕೆ ಅಂಟಿಕೊಂಡು ಬಂದು ಕೋಲಿನ ಉಂಗುರದಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವ ದಾರ ಎನ್ನುವುದೂ ಮುಖ್ಯ. ಒಂಟಿ ಎಳೆಯ ನೈಲಾನ್ ದಾರ ಮೆತ್ತೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಈಗ ಬಂದಿರುವ ಹೆಣೆದ ದಾರ ರೇಷ್ಮೆಯಂತೆ ನುಣುಪು, ತೆಳುವು. ಮೆತ್ತೆಯ ನಡುವೆ ಜಾರಿಹೋಗುತ್ತದೆ. ಅದನ್ನು ಐದಾರು ಸಲ ಹುರಿ ಹಾಕಿ ಸಣ್ಣ ಕುಣಿಕೆ ಮಾಡಿ ಆ ಕುಣಿಕೆಯನ್ನು ಕಚ್ಚಿಸಬೇಕು. ಮೆತ್ತೆ ಸವೆದು ಹೊಳಪು ಬಂದರೆ ಬದಲಾಯಿಸಬೇಕು. ಅದೇ ಜಾಗದಲ್ಲಿ ಮತ್ತೆ ಮತ್ತೆ ಕಚ್ಚಿಸಿದರೆ ದಾರವೂ ನವೆಯುತ್ತದೆ, ಉಗುರಿನಿಂದ ಸವರಿ ನೋಡಿ ಒರಟಾಗಿದ್ದರೆ ಅಷ್ಟು ಕತ್ತರಿಸಿ ಹಾಕಬೇಕು.

ಇದೆಲ್ಲ ಮಾಡುವಾಗ ನಾವಿಬ್ಬರೂ ಬೇಕಾದಷ್ಟು ನಕ್ಕೆವು. ಮಗಳು ಸೋಫಾದ ಮೇಲೆ ಮಗುವಿಗೆ ಹಾಲು ಕುಡಿಸುತ್ತಾ ಗೋಡೆಯ ಕಡೆ ನೋಡುತ್ತಿದ್ದಳು. ನಾವು ನಕ್ಕು ಮುಗಿಸಿದ ಮೇಲೆ ಅವಳೂ ಒಂದು ಗಳಿಗೆ ತಡೆದು ನಕ್ಕಳು.

ನನಗೆ ಈ ವಿದ್ಯೆ ಪೂರ್ತಿ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮಪ್ಪನ ಗದ್ದೆ ಇದ್ದದ್ದು ಮಾರ್ಕೋನಹಳ್ಳಿ ಅಣೆಕಟ್ಟೆಯ ಅಚ್ಚುಕಟ್ಟಿನಲ್ಲಿ. ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕಟ್ಟೆ ಅದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ನಮ್ಮ ಸೀಮೆಯ ಗದ್ದೆ ತೋಟಗಳಿಗೆ ಉಣಿಸಿ ಮದ್ದೂರಿನ ಕಡೆ ಹರಿದುಹೋಗಿ ಕೊನೆಗೆ ಕಾವೇರಿ ಸೇರುತ್ತಾಳೆ. ಅಪ್ಪ ಕೆಲಸವಿಲ್ಲದ ಸಂಜೆ ಗಾಳ ಹಾಕುತ್ತಿದ್ದರು. ಬೆಂಡು ಕಟ್ಟಿ ಮೇಲ್ಮೇಲೆ ಹಿಡಿಯುವ ಗಾಳವಲ್ಲ, ಸೀಸ ಕಟ್ಟಿ ತಳಕ್ಕೆ ಬಿಡುವ ಗಾಳ. ದಡದಲ್ಲಿ ಹಸಿ ಹೊಂಗೆ ಕಡ್ಡಿಯೊಂದನ್ನು ನೆಟ್ಟು, ಅದರ ತುದಿಯನ್ನು ಕುಡುಗೋಲಿನಿಂದ ಸೀಳಿ, ಆ ಸೀಳಿನಲ್ಲಿ ದಾರವನ್ನು ಸಿಕ್ಕಿಸುತ್ತಿದ್ದರು. ದಾರದ ಮೇಲೆ ಎತ್ತಿನ ಕೊರಳಿನ ಒಂದು ಗೆಜ್ಜೆ. ಮೀನು ಎಳೆದರೆ ದಾರ ಸೀಳಿನಿಂದ ಬಿಡಿಸಿಕೊಳ್ಳುತ್ತದೆ, ಗೆಜ್ಜೆ ಉದುರಿ ‘ಝಣ್’ ಅನ್ನುತ್ತದೆ. ಹೆಣ್ಣುಮಕ್ಕಳು ಗಾಳ ಮುಟ್ಟಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಅಪ್ಪ ಅದಕ್ಕೆ ಎದುರಾಡದೆ, ಕಡ್ಡಿ ಸೀಳುವ ಕೆಲಸವನ್ನು ಮಾತ್ರ ನನಗೆ ಬಿಟ್ಟಿದ್ದರು. ಕಡ್ಡಿ ಮುಟ್ಟಬಾರದೆಂದು ಅಜ್ಜಿ ಹೇಳಿರಲಿಲ್ಲವಲ್ಲ! ಒಣಗಿದ ಕಡ್ಡಿಯ ಸೀಳು ದಾರವನ್ನು ಕತ್ತರಿಸಿಬಿಡುತ್ತದೆ, ಹಸಿ ಕಡ್ಡಿ ಮೆತ್ತಗೆ ಹಿಡಿಯುತ್ತದೆ. ಗಾಳಿ ಎದ್ದು ಅಲೆ ಬಂದರೆ ದಾರವನ್ನು ಇನ್ನು ಒಂದು ಗೋಧಿಕಾಳಿನಷ್ಟು ಕೆಳಕ್ಕೆ ಒತ್ತಬೇಕು. ಗೆಂಡೆ ಮೀನು ಮೂಸುವ ಹೊತ್ತು ಅಂತ ಕಂಡರೆ ಮೇಲಕ್ಕೆ ತರಬೇಕು. ಇಷ್ಟೂ ಅಪ್ಪ ಹೇಳಿಕೊಟ್ಟದ್ದು. ಮಿಷಿಗನ್ನಿನ ಅಂಗಡಿಯವರು ಇದನ್ನೇ ರಬ್ಬರು ಸ್ಪ್ರಿಂಗುಗಳಲ್ಲಿ ಮಾಡಿ ಡಾಲರುಗಳಿಗೆ ಮಾರುತ್ತಿದ್ದಾರೆ ಎಂದು ಅಳಿಯಂದಿರಿಗೆ ಹೇಳಿದೆ. ಆಮೇಲೆ ಅವರು, “ಹಾಗಾದ್ರೆ ನೀವು ಬರ್ಲೇಬೇಕು ಅತ್ತೆ” ಅಂತ ಪಟ್ಟು ಹಿಡಿದರು.

ಮಗಳೂ “ಹೋಗಿ ಬಾ ಅಮ್ಮ, ಒಂದಿನ ನಾನು ನೋಡ್ಕೋತೀನಿ” ಅಂದಳು. ಅಲ್ಲಿಯ ಕನ್ನಡದ ಹೆಣ್ಣುಮಗಳೊಬ್ಬಳು ಮನೆಯಲ್ಲಿ ಜೊತೆಗಿರುವುದಾಗಿ ಒಪ್ಪಿಕೊಂಡಳು. ಅಲ್ಲಿ ಹದಿನೇಳು ತುಂಬಿದವರು ಗಾಳ ಹಿಡಿಯಬೇಕಾದರೆ ಲೈಸೆನ್ಸ್ ಬೇಕು. ನನ್ನ ಹೆಸರಿನಲ್ಲಿ ಹತ್ತು ಡಾಲರಿನ ಒಂದು ದಿನದ ಲೈಸೆನ್ಸ್ ಮಾಡಿಸಿದರು. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದರೋ.

ಬೆಳಗಿನ ಜಾವ ಹೊರಟು ಗ್ರಾಂಡ್ ಹೇವನ್ನಿನ ಕೆಂಪು ದೀಪಸ್ತಂಭ ದಾಟಿ ನೀರಿಗಿಳಿದೆವು. ಹತ್ತುವ ಮೊದಲೇ ಯಜಮಾನರು ತೇಲುವ ಜಾಕೆಟ್ಟು ಕೊಟ್ಟು, ಸೀರೆಯ ಮೇಲೇ ಹಾಕಿಸಿದರು. ಅವರು ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. 1967ರ ಸೆಪ್ಟೆಂಬರಿನಲ್ಲಿ, ಸಾಲ್ಮನ್ ಹುಚ್ಚು ಹೊಸದಾಗಿ ಹಿಡಿದಿದ್ದಾಗ, ಬಿರುಗಾಳಿಯ ಎಚ್ಚರಿಕೆಯನ್ನು ಲೆಕ್ಕಿಸದೆ ಸಣ್ಣ ಸಣ್ಣ ದೋಣಿಗಳಲ್ಲಿ ಹೋದವರಲ್ಲಿ ಏಳು ಜನ ಇದೇ ಸರೋವರದಲ್ಲಿ ಸತ್ತರಂತೆ.

ಯಜಮಾನರು ಹೇಳಿದ ಲೆಕ್ಕ ಇಷ್ಟು. ಗುಂಡು ಆಳಕ್ಕೆ ಹೋದಷ್ಟೂ ನೀರು ದಾರವನ್ನು ಹೆಚ್ಚು ಹಿಂದಕ್ಕೆ ತಳ್ಳುತ್ತದೆ, ಆದ್ದರಿಂದ ಆಳಕ್ಕೆ ಬಿಗಿ, ಮೇಲಕ್ಕೆ ಸಡಿಲ. ಬರೀ ತಗಡಿನ ಹುಸಿಮೀನಾದರೆ ಎಳೆತ ಕಡಿಮೆ. ಅದರ ಮುಂದೆ ಮಿನುಗುವ ಅಗಲವಾದ ಪ್ಲಾಸ್ಟಿಕ್ ಹಲಗೆ ಕಟ್ಟಿದರೆ ಅದೇ ಗಿರಗಿರ ತಿರುಗಿ ಜಗ್ಗುತ್ತದೆ, ಅದಕ್ಕೆ ಕ್ಲಿಪ್ಪು ಬಿಗಿಯಾಗಿರಬೇಕು. ಅಲೆಯ ದಿನ ಬಿಗಿ, ಶಾಂತವಾದ ದಿನ ಸಡಿಲ. ಅತಿ ಸಡಿಲವಾದರೆ ಇನ್ನೊಂದು ನಷ್ಟವಿದೆ: ಮೀನು ಬಾಯಿ ಹಾಕಿದಾಗ ಕ್ಲಿಪ್ಪು ಒಂದು ಗಳಿಗೆ ತಡೆದು ಹಿಡಿದರೆ ತಾನೆ ಗಾಳದ ಮೊನೆ ನೆಡುವುದು? ಆ ತಡೆಯೇ ಇಲ್ಲದಿದ್ದರೆ ಮೀನು ಉಗುಳಿ ಹೋಗುತ್ತದೆ. ಕ್ಲಿಪ್ಪಿನಿಂದ ಹುಸಿಮೀನಿಗೆ ದೂರ ಹೆಚ್ಚಾದರೆ ನೈಲಾನ್ ಹಿಗ್ಗಿಕೊಂಡು ಮೀನಿನ ಜಗ್ಗಾಟವನ್ನು ನುಂಗುತ್ತದೆ, ಆಗ ಸ್ವಲ್ಪ ಸಡಿಲ ಮಾಡಬೇಕು. ಗುಂಡು ಇಳಿಸಿದ ಮೇಲೆ ಕೋಲು ಬಿಲ್ಲಿನ ಹಾಗೆ ಬಾಗುವವರೆಗೆ ದಾರವನ್ನು ಸುತ್ತಿಕೊಳ್ಳಬೇಕು. ಕ್ಲಿಪ್ಪು ಬಿಟ್ಟ ಕ್ಷಣ ಬಾಗಿದ ಕೋಲು ಸಟ್ಟನೆ ನೆಟ್ಟಗಾಗಿ ಸಡಿಲ ದಾರವನ್ನೆಲ್ಲ ಎಳೆದುಕೊಳ್ಳುತ್ತದೆ, ಮತ್ತೆ ಮೀನಿನ ಭಾರಕ್ಕೆ ಬಾಗುತ್ತದೆ. ಮೀನು ಸಿಕ್ಕ ಗುರುತು ಅದೇ.

ನಾನು ಎಡಗಡೆಯ ಕ್ಲಿಪ್ಪನ್ನು ನಡುಮೆತ್ತೆಗೆ ಕಚ್ಚಿಸಿ 45 ಅಡಿಗೆ ಇಳಿಸಿದೆ. ಬಲಗಡೆಯದನ್ನು ಯಜಮಾನರು ಹಲಗೆ ಕಟ್ಟಿದ್ದರಿಂದ ಬುಡಕ್ಕೆ ಒತ್ತಿ ಕಚ್ಚಿಸಿ 80 ಅಡಿಗೆ ಇಳಿಸಿದರು. ಅರ್ಧ ಗಂಟೆಯೊಳಗೆ ಎಡಗಡೆಯ ಕೋಲು ಸಟ್ಟನೆ ಎದ್ದು ನಿಂತಿತು. ಆಮೇಲೆ ಹತ್ತು ನಿಮಿಷ ದೋಣಿಯಲ್ಲಿ ಆದ ಗದ್ದಲವನ್ನು ಬರೆಯಲಾರೆ. ಮೂರು ಕಿಲೋಗೆ ಸ್ವಲ್ಪ ಮೇಲಿದ್ದ ಒಂದು ಕೋಹೋ. ತೂಗಿದ್ದು ಸೂಟ್‌ಕೇಸಿನ ಯಂತ್ರದಲ್ಲೇ.

ಬಲಗಡೆಯ ಕೋಲು ಸುಮ್ಮನೆ ಬಾಗಿಕೊಂಡೇ ಇತ್ತು. ಒಂದು ಗಂಟೆ ಕಳೆಯಿತು. ಅಲೆಗೆ ತಕ್ಕಂತೆ ಅದರ ತುದಿ ತಲೆದೂಗುತ್ತಿತ್ತು. ಸುಮ್ಮನೆ ನೋಡುತ್ತಾ ಕೂತವಳಿಗೆ ಆ ತಲೆದೂಗುವುದರಲ್ಲಿ ಏನೋ ಒಂದು ವ್ಯತ್ಯಾಸ ಕಂಡಿತು. ಅಲೆ ಇಳಿದಾಗಲೂ ತುದಿ ಒಂದು ಸಲ, ಎರಡು ಸಲ ಸಣ್ಣಗೆ ನಡುಗುತ್ತಿತ್ತು. “ಅದರಲ್ಲೇನೋ ಇದೆ” ಅಂದೆ. ಅಳಿಯಂದಿರು ಅಲೆ ಇರಬೇಕು ಅಂದರು. “ಇಲ್ಲ, ಎಳೆದು ನೋಡಿ.” ಗುಂಡನ್ನು ಮೇಲೆತ್ತಿದರು. ಕ್ಲಿಪ್ಪು ದಾರವನ್ನು ಕಚ್ಚಿಕೊಂಡೇ ಇತ್ತು, ದಾರದ ತುದಿಯಲ್ಲಿ ಒಂದು ಮೊಳದಷ್ಟೂ ಉದ್ದವಿಲ್ಲದ ಮೀನು. ಯಾವಾಗ ಸಿಕ್ಕಿಕೊಂಡಿತ್ತೋ. ಕ್ಲಿಪ್ಪನ್ನು ಬಿಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಆದ್ದರಿಂದ ಮೇಲಿದ್ದ ನಮಗೆ ಸುದ್ದಿ ಇಲ್ಲ. ಬಾಯಿ ತೆರೆದುಕೊಂಡು ದೋಣಿಯ ಹಿಂದೆ ಅಷ್ಟು ಹೊತ್ತು ಎಳೆದಾಡಿಸಿಕೊಂಡು ಬಂದಿತ್ತು. ಯಜಮಾನರು ಅದನ್ನು ನೀರಿನಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ ಉಸಿರು ಬರಿಸಲು ನೋಡಿದರು. ಅದು ಪಕ್ಕಕ್ಕೆ ವಾಲಿಕೊಂಡು ನಿಧಾನವಾಗಿ ಕೆಳಗೆ ಹೋಯಿತು. ಈಜಿಕೊಂಡು ಹೋಯಿತೋ ಮುಳುಗಿತೋ ಹೇಳಲಾರೆ. ಕ್ಲಿಪ್ಪು ಬಿಗಿಯಾದರೆ ಹೀಗಾಗುವುದುಂಟು, ಅದಕ್ಕೇ ಆಗಾಗ ಎತ್ತಿ ನೋಡಬೇಕು ಅಂದರು ಯಜಮಾನರು.

ವಾಪಸು ಬರುವಾಗ ಕಾರಿನಲ್ಲಿ ನಾನು ಮಾತಾಡಲಿಲ್ಲ. ಆಯಾಸವಾಗಿರಬೇಕೆಂದು ಅಳಿಯಂದಿರೂ ಸುಮ್ಮನಿದ್ದರು. ಮಗಳು ಊರಿಗೆ ಫೋನು ಮಾಡುವಾಗೆಲ್ಲ “ಚೆನ್ನಾಗಿದ್ದೀನಮ್ಮ” ಅಂತ ಹೇಳುವ ದನಿ ಕಿವಿಯಲ್ಲಿತ್ತು. ನಾನು ಬಂದ ಮೇಲೂ ಅವಳು ಹೇಳುತ್ತಿದ್ದದ್ದು ಅದೇ ಮಾತು, ಅದೇ ದನಿ. ಕೊಟ್ಟದ್ದನ್ನು ತಿನ್ನುತ್ತಾಳೆ, ಮಗುವಿಗೆ ಹೊತ್ತುಹೊತ್ತಿಗೆ ಹಾಲು ಕೊಡುತ್ತಾಳೆ, ಕೇಳಿದರೆ ಉತ್ತರ ಹೇಳುತ್ತಾಳೆ. ಅಳುವುದಿಲ್ಲ. ಮಗು ಮಲಗಿದಾಗಲೂ ತಾನು ಮಲಗುವುದಿಲ್ಲ. ನಾವು ನಕ್ಕ ಮೇಲೆ ನಗುತ್ತಾಳೆ.

ಅವತ್ತು ರಾತ್ರಿ ಅಡುಗೆಮನೆಯಲ್ಲಿ ಅವಳಿಗೆ ಬಿಸಿನೀರು ಕಾಯಿಸುತ್ತಾ, “ಪುಟ್ಟಿ, ಆಸ್ಪತ್ರೆಯಲ್ಲಿ ಏನೋ ಪ್ರಶ್ನೆ ಕೇಳಿದ್ರು ಅಂದ್ಯಲ್ಲ, ಏನದು?” ಅಂತ ಕೇಳಿದೆ. ಆರು ವಾರದ ತಪಾಸಣೆಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಹತ್ತು ಪ್ರಶ್ನೆಗಳು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಅದು, ಈಗ ಹಲವು ದೇಶಗಳಲ್ಲಿ ಬಳಸುತ್ತಾರೆ. ಕಳೆದ ಏಳು ದಿನದಲ್ಲಿ ನಗು ಬಂತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ನಿದ್ದೆ ಬಾರದಷ್ಟು ದುಃಖವಾಯಿತೇ, ಇಂಥವು. ಕೊನೆಯದು, ತನಗೆ ತಾನೇ ಕೇಡು ಮಾಡಿಕೊಳ್ಳಬೇಕೆಂಬ ಯೋಚನೆ ಬಂತೇ ಎಂದು. ಇವಳು ಎಲ್ಲದಕ್ಕೂ ‘ಚೆನ್ನಾಗಿದ್ದೇನೆ’ ಎನ್ನುವ ಉತ್ತರಕ್ಕೇ ಗುರುತು ಹಾಕಿ ಕೊಟ್ಟಿದ್ದಳು.

“ಈಗ ನನ್ನ ಮುಂದೆ ಇನ್ನೊಂದ್ಸಲ ಹೇಳು.”

“ಯಾಕಮ್ಮ?”

“ನಾನು ಟೀಚರು. ಕಾಪಿ ಹೊಡೆದ ಉತ್ತರ ನೋಡಿದ್ರೆ ಗೊತ್ತಾಗ್ತದೆ.”

ಅವಳು ನಗಲಿಲ್ಲ. ಒಲೆಯ ಕಡೆ ನೋಡುತ್ತಾ ನಿಂತಿದ್ದವಳು ಒಂದೊಂದೇ ಹೇಳಿದಳು. ಹತ್ತನೆಯದಕ್ಕೆ ಬಂದಾಗ ನಾನು ಒಲೆ ಆರಿಸಿ ಅವಳ ಕೈ ಹಿಡಿದುಕೊಂಡೆ. ಇದಕ್ಕಿಂತ ಹೆಚ್ಚಿಗೆ ಬರೆಯುವುದಿಲ್ಲ, ಅದು ಅವಳದು. ಇಷ್ಟನ್ನು ಬರೆಯುವುದಕ್ಕೂ ಅವಳನ್ನು ಕೇಳಿಯೇ ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ವೈದ್ಯರ ಹತ್ತಿರ ಹೋದೆವು. ವಾರಕ್ಕೊಮ್ಮೆ ಒಬ್ಬರ ಹತ್ತಿರ ಕೂತು ಮಾತಾಡುವುದು, ಮೊಲೆಹಾಲು ಕುಡಿಸುವವರಿಗೂ ಕೊಡಬಹುದಾದ ಒಂದು ಮಾತ್ರೆ, ರಾತ್ರಿ ಒಂದು ಸರದಿ ಮಗುವನ್ನು ಅಳಿಯಂದಿರು ನೋಡಿಕೊಂಡು ಇವಳು ಐದು ಗಂಟೆ ಒಂದೇ ಸಮನೆ ನಿದ್ದೆ ಮಾಡುವುದು. ನಾನು ರಜೆಯನ್ನು ಇನ್ನೊಂದು ತಿಂಗಳು ಮುಂದೆ ಹಾಕಿಸಿದೆ. ಸೆಪ್ಟೆಂಬರಿನ ಕೊನೆಗೆ ಒಂದು ದಿನ ಮಗು ಸೀನಿದ್ದಕ್ಕೆ ಅವಳು ನಮಗಿಂತ ಮೊದಲೇ ನಕ್ಕಳು.

ನಮ್ಮ ಕಡೆ ಇಂಥದ್ದನ್ನು ‘ಬಾಣಂತಿ ಸನ್ನಿ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕುತ್ತೇವೆ, ಇಲ್ಲವೇ ದೇವರ ದಾರ ಕಟ್ಟಿಸುತ್ತೇವೆ. ಸನ್ನಿ ಬೇರೆ. ಅದರಲ್ಲಿ ಬಾಣಂತಿಗೆ ಮಾತು ಅಡ್ಡಾದಿಡ್ಡಿಯಾಗುತ್ತದೆ, ಇಲ್ಲದ್ದು ಕಾಣುತ್ತದೆ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಹೆರಿಗೆಯಾದ ಮೊದಲ ವಾರದಲ್ಲಿ ಸುಮ್ಮಸುಮ್ಮನೆ ಅಳು ಬಂದು ತಾನಾಗಿಯೇ ಹೋಗುವುದು ಬಹಳ ಜನರಿಗೆ ಆಗುವಂಥದ್ದು. ನನ್ನ ಮಗಳಿಗೆ ಆದದ್ದು ಈ ಎರಡೂ ಅಲ್ಲ. ಎರಡು ವಾರ ಮೀರಿಯೂ ಹೋಗದೆ ಒಳಗೇ ಕೂರುವ ಖಿನ್ನತೆ. ಗದ್ದಲ ಮಾಡುವುದಿಲ್ಲ. ಮನೆಯಲ್ಲಿ ಬಾಣಂತಿ ಇರುವವರು ಈ ಮೂರನ್ನೂ ಬೇರೆಬೇರೆಯಾಗಿ ತಿಳಿದುಕೊಂಡಿರಲಿ ಎಂದೇ ಬರೆದೆ.

ಕ್ಲಿಪ್ಪಿನ ಮಾತಿಗೆ ಬರೋಣ. ನಾನು ಹೊರಡುವಾಗ ಯಜಮಾನರು ಎರಡು ಕ್ಲಿಪ್ಪನ್ನು ಉಡುಗೊರೆಯಾಗಿ ಕೊಟ್ಟರು. ನಾನು ಅವರಿಗೆ ಮಾರ್ಕೋನಹಳ್ಳಿಯ ಸೈಫನ್ನಿನ ಕಥೆ ಹೇಳಿದ್ದೆ. ಅದನ್ನು ಕೇಳಿ ಅವರಿಗೆ ಬಹಳ ಖುಷಿಯಾಗಿತ್ತು. ಈ ಕಟ್ಟೆ ಹೆಸರಾದದ್ದೇ ಅದಕ್ಕೆ. ಬಾಗಿಲು ಎತ್ತುವವರಿಲ್ಲದೆ ಹೆಚ್ಚಿನ ನೀರು ತಾನಾಗಿ ಹೊರಹೋಗುವ ಸೈಫನ್ ಅಲ್ಲಿದೆ. ನೀರು ಗೊತ್ತುಮಾಡಿದ ಮಟ್ಟಕ್ಕೆ ಬಂದು ಒಳಗಿನ ಅಂಚನ್ನು ದಾಟುತ್ತದೆ, ಬೀಳುತ್ತಾ ಒಳಗಿನ ಗಾಳಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ, ಗಾಳಿ ಹೋದದ್ದೇ ದಾರಿಯೆಲ್ಲ ನೀರು ತುಂಬಿ ಸೆಳೆತ ಹುಟ್ಟುತ್ತದೆ. ಮಟ್ಟ ಇಳಿದು ಮತ್ತೆ ಗಾಳಿ ಒಳಗೆ ಬಂದಾಗ ನಿಲ್ಲುತ್ತದೆ. ಸಾಮಾನ್ಯ ಕೆರೆಯ ಕೋಡಿಯಲ್ಲಿ ನೀರು ಮೊದಲು ಬೆರಳುದ್ದ, ಆಮೇಲೆ ಗೇಣುದ್ದ ಎಂದು ಮೆಲ್ಲಮೆಲ್ಲಗೆ ಏರುತ್ತದೆ. ಸೈಫನ್ ಹಾಗಲ್ಲ. ಹಿಡಿದುಕೊಂಡಿರುವಷ್ಟು ಹೊತ್ತು ಹಿಡಿದುಕೊಂಡಿದ್ದು, ಬಿಟ್ಟಿತೆಂದರೆ ಪೂರ್ತಿ ಬಿಡುತ್ತದೆ. ಕೆಳಗೆ ಯಾರಿದ್ದಾರೆಂದು ಅದು ನೋಡುವುದಿಲ್ಲ.

ಈ ಮಾತನ್ನು ಶಾಲೆಯ ಮಕ್ಕಳಿಗೆ ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ. 2025ರ ಅಕ್ಟೋಬರಿನಲ್ಲಿ ತುಮಕೂರಿನಿಂದ ವಿಹಾರಕ್ಕೆಂದು ಬಂದಿದ್ದ ಒಂದು ಕುಟುಂಬದವರು ಅಣೆಕಟ್ಟೆಯ ಬಳಿ ನೀರಿಗಿಳಿದಿದ್ದಾಗ ನೀರು ಹಠಾತ್ತನೆ ಏರಿ, ಹೆಂಗಸರು ಮಕ್ಕಳು ಕೊಚ್ಚಿಹೋದರು. ಅದಾದ ಮೇಲೆ ಬೀರುವಿನಿಂದ ಕ್ಲಿಪ್ಪನ್ನೂ ತೂಕದ ಯಂತ್ರವನ್ನೂ ತರಗತಿಗೆ ತೆಗೆದುಕೊಂಡು ಹೋದೆ. ಒಬ್ಬ ಹುಡುಗ ಕ್ಲಿಪ್ಪು ಹಿಡಿದ, ಒಬ್ಬಳು ಹುಡುಗಿ ದಾರ ಎಳೆದಳು, ಒಬ್ಬ ಅಂಕಿ ಕೂಗಿದ. ಒಂದು ಕಿಲೋ, ಏನೂ ಇಲ್ಲ. ಒಂದೂವರೆ, ಏನೂ ಇಲ್ಲ. ಒಂದೂ ಮುಕ್ಕಾಲು, ಆಗಲೂ ಏನೂ ಇಲ್ಲ. ‘ಟಪ್’ ಎಂದಾಗ ಹುಡುಗಿ ಹಿಂದಕ್ಕೆ ಮುಗ್ಗರಿಸಿದಳು, ಇಡೀ ತರಗತಿ ಬೆಚ್ಚಿತು. “ಬಿಡೋ ಮುಂಚೆ ಅದೇನಾದ್ರೂ ಸದ್ದು ಮಾಡ್ತಾ?” ಅಂತ ಕೇಳಿದೆ. “ಇಲ್ಲ ಮಿಸ್.” “ಹಾಗಾದ್ರೆ ಮಳೆಗಾಲದಲ್ಲಿ ಕಟ್ಟೆ ಕೆಳಗಡೆ ನೀರು ಕಮ್ಮಿ ಇದೆ ಅಂತ ಇಳೀತೀರಾ?” ಉತ್ತರ ಹೇಳುವ ಮೊದಲು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಇಳಿದವರಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು.

ಇನ್ನೊಂದು ಕ್ಲಿಪ್ಪು ತಮ್ಮನ ಹತ್ತಿರ ಇರುತ್ತದೆ, ಬೇಕಾದಾಗ ತೆಗೆದುಕೊಂಡು ಹೋಗಿ ತಂದಿಡುತ್ತಾನೆ. ಅವನು ಅದನ್ನು ಬಿದಿರು ಕೋಲಿಗೆ ಕಟ್ಟಿ ಕೆರೆಯ ಏರಿಯ ಮೇಲೆ ಪ್ರಯೋಗ ಮಾಡುತ್ತಿದ್ದಾನೆ. ಗೆಜ್ಜೆಯ ಬದಲು ಸೈಕಲ್ ಬೆಲ್ಲು. ಕೊರವ ಮೀನು ನುಂಗಿದ ಕೂಡಲೇ ಬಲವಾಗಿ ಎಳೆಯುವುದರಿಂದ ಅದಕ್ಕೆ ಸರಿಯಾಗುತ್ತದೆ. ರೋಹು, ಗೆಂಡೆಗಳು ಹಿಟ್ಟಿನ ಉಂಡೆಯನ್ನು ತುಟಿಯಲ್ಲೇ ಹೀರುವ ಜಾತಿ, ಮೆತ್ತೆಯ ತುದಿಯಂಚಿಗೆ ಇಟ್ಟರೂ ಬಿಡಿಸಲಾರವು. ಸ್ಪ್ರಿಂಗು ತೆಗೆದು ಬಾಲ್‌ಪೆನ್ನಿನ ಸ್ಪ್ರಿಂಗು ಹಾಕಿ ನೋಡಿದ, ಅದು ಗಾಳಿಗೇ ಬಿಟ್ಟಿತು. ಕಳೆದ ಭಾನುವಾರ ವೀಡಿಯೋ ಫೋನಿನಲ್ಲಿ ಅಳಿಯಂದಿರೂ ಅವನೂ ಅರ್ಧ ಗಂಟೆ ಇದನ್ನೇ ಚರ್ಚೆ ಮಾಡಿದರು. ಮೆತ್ತೆಯ ಒಂದು ಕಡೆಗೆ ಸೈಕಲ್ ಟ್ಯೂಬಿನ ಚೂರು ಅಂಟಿಸಿ, ಹಳೇ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ನೋಡಿ ಎಂದು ಅವರ ಸಲಹೆ. ಮಗಳು ಹಿಂದಿನಿಂದ, “ಮಾವ, ಹಸಿ ಹೊಂಗೆ ಕಡ್ಡಿ ಸೀಳಿ ನೆಡಿ, ಸಾಕು. ತಾತ ಅಷ್ಟರಲ್ಲೇ ಹಿಡೀತಿದ್ರಂತೆ” ಅಂತ ಕೂಗಿದಳು. ಮಗು ಆ ಫೋನನ್ನು ಕಿತ್ತುಕೊಂಡಿತು, ಆಮೇಲೆ ನಮಗೆ ಕಂಡದ್ದು ಅದರ ಮೂಗು ಮಾತ್ರ.